ಸಹಿಯಿಲ್ಲದ ಚೀಟಿ

ಬೇಲಿಯಾಚೆ ನಿಂತಿದ್ದವಳು ತನ್ನ ತಂಗಿ ಎಂದು ಗುರುತು ಹತ್ತಲು ರೊವೀನಾಗೆ ಅರೆಗಳಿಗೆ ಸಾಕಾಯಿತು. ಬಾಗಿಲು ತೆಗೆಯಲು ಮಾತ್ರ ಹತ್ತು ನಿಮಿಷ ಹಿಡಿಯಿತು.

ಭಾನುವಾರದ ಮಧ್ಯಾಹ್ನ. ಯಾರದೋ ದೋಣಿಗೆ ಹೊದಿಸುವ ಕ್ಯಾನ್ವಾಸನ್ನು ಕಾರು ನಿಲ್ಲಿಸುವ ಚಪ್ಪರದಡಿ ಹಾಸಿಕೊಂಡು, ಮೊಣಕಾಲೂರಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳು ಅಂಚು ಮಡಿಸುತ್ತಿದ್ದಳು. ವಾರದಲ್ಲಿ ಆರು ದಿನ ಟಾರ್ಪನ್ ಸ್ಪ್ರಿಂಗ್ಸ್ ಊರಿನ ದೋಣಿ ದಕ್ಕೆಯ ಪಕ್ಕದ ಅಂಗಡಿಯಲ್ಲಿ ಇದೇ ಕೆಲಸ, ಏಳನೆಯ ದಿನ ಮನೆಯಲ್ಲೂ ಇದೇ. ಬೇಲಿಯ ಬಳಿ ಸದ್ದಾದಾಗ ತಲೆಯೆತ್ತಿದಳು. ಬೂದು ಅಂಗಿ, ನೀಲಿ ಪ್ಯಾಂಟು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಕೂದಲನ್ನು ಯಾರೋ ಕಣ್ಣುಮುಚ್ಚಿಕೊಂಡು ಕತ್ತರಿಸಿದಂತಿತ್ತು. ಆ ಸುಡುಬಿಸಿಲಿನಲ್ಲೂ ರೆಪ್ಪೆ ಅಲುಗುತ್ತಿರಲಿಲ್ಲ.

"ರೋ," ಅಂದಳು ಕೋರಾ.

ರೊವೀನಾ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಎದ್ದಳು. ಮನೆಯೊಳಗೆ ಹೋಗಿ ಜಾಲರಿ ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಎಂಟು ವರ್ಷ. ಎಂಟು ವರ್ಷದಿಂದ ಪ್ರತಿ ಮಾರ್ಚಿನಲ್ಲಿ ತಂಗಿಯ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಹಾಕುತ್ತಿದ್ದಳು, ಒಂದಕ್ಕೂ ಉತ್ತರ ಬಂದಿರಲಿಲ್ಲ. ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಏಳು ಮೆಟ್ಟಿಲ ಬಳಗವೆಂಬ ಪಂಥವನ್ನು ಬಿಟ್ಟು ಬಂದವರ ಜೊತೆ ಒಳಗಿನವರು ಮಾತಾಡುವಂತಿಲ್ಲ. ತಾಯಿಯಾದರೂ ಸರಿ, ಮಗಳಾದರೂ ಸರಿ. ಮಾತಾಡಲು ಅಪ್ಪಣೆ ಸಿಕ್ಕಿತೆಂದರೆ ಅದರ ಹಿಂದೆ ಬಳಗಕ್ಕೆ ಆಗಬೇಕಾದ ಯಾವುದೋ ಕೆಲಸವಿದೆ ಎಂದೇ ಅರ್ಥ. ಬಳಗಕ್ಕೆ ಈಗ ಒಂದು ಕೆಲಸ ಆಗಬೇಕಿತ್ತು. ರೊವೀನಾಳ ಗಂಡ ಇನ್ನೂ ಒಳಗೇ ಇದ್ದ. ಹದಿಮೂರು ವರ್ಷದ ಮಗಳು ಮಾರ್ನಿ ತನ್ನ ಬಳಿ ಇರಬೇಕೆಂದು ವಸಂತದಲ್ಲಿ ಅವನ ವಕೀಲನಿಂದ ಕಾಗದ ಬಂದಿತ್ತು. ವಿಚಾರಣೆಗೆ ಇನ್ನು ಮೂರು ವಾರ.

ಕೋರಾ ಗೇಟು ದಾಟಿ ಮೆಟ್ಟಿಲ ಬುಡಕ್ಕೆ ಬಂದು ನಿಂತಳು.

"ಯಾರು ಕಳ್ಸಿದ್ದು ನಿನ್ನ?"

"ಯಾರೂ ಇಲ್ಲ. ಬಿಟ್ಟು ಬಂದೆ."

"ವಿಳಾಸ?"

"ನಿನ್ನ ಕಾರ್ಡು ಬಳಗದ ಕಚೇರಿ ಕಸದಲ್ಲಿ ಸಿಕ್ತು. ಬಾಯಿಪಾಠ ಮಾಡ್ಕೊಂಡು ಮತ್ತೆ ಕಸಕ್ಕೇ ಹಾಕ್ದೆ."

"ಕಚೇರಿ ಕಸದಲ್ಲಿ ನಿಂಗೇನ್ ಕೆಲಸ?"

"ಈಗ ಕಸ ಎತ್ತೋದು ನಾನೇ, ರೋ."

ಉತ್ತರಗಳೆಲ್ಲ ಸರಿಯಾಗೇ ಇದ್ದವು. ಅದೇ ರೊವೀನಾಗೆ ಹಿಡಿಸಲಿಲ್ಲ. ಬಳಗದಲ್ಲಿ ಉತ್ತರ ಹೇಳುವುದನ್ನೂ ಕಲಿಸುತ್ತಾರೆ.

ಹಿಂದಿನಿಂದ ಮಾರ್ನಿ ಬಂದು ಅಮ್ಮನ ಭುಜದ ಮೇಲಿಂದ ಇಣುಕಿದಳು. "ಅಮ್ಮ, ಯಾರವ್ರು? ಹೊರಗೆ ಮೊಟ್ಟೆ ಒಡೆದ್ರೆ ನೆಲದ ಮೇಲೇ ಬೇಯತ್ತೆ. ಅವ್ರ ಮುಖ ನೋಡು, ಸೀಗಡಿ ಥರ ಆಗಿದೆ."

"ನಿನ್ನ ಚಿಕ್ಕಮ್ಮ," ಅಂದಳು ರೊವೀನಾ. ಹಾಗೆ ಹೇಳಿದ ಮೇಲೆ ಚಿಲಕ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಮಾರ್ನಿ ಚೀಸ್ ಹಾಕಿ ಬ್ರೆಡ್ಡು ಕಾಯಿಸಿಕೊಟ್ಟಳು, ಐಸ್ ಹಾಕಿದ ಸಿಹಿ ಟೀ ಬಗ್ಗಿಸಿದಳು. ಕೋರಾ ತಟ್ಟೆ ಎತ್ತಿಕೊಂಡು ಗೋಡೆಗೊರಗಿ ನಿಂತೇ ತಿನ್ನತೊಡಗಿದಳು, ಎಡಗೈಯನ್ನು ತಟ್ಟೆಯ ಸುತ್ತ ಕೋಟೆಯಂತೆ ಹಿಡಿದು.

"ಕುರ್ಚಿ ಇದೆಯಲ್ಲ ಆಂಟಿ. ಕಾಲು ಸ್ವಲ್ಪ ಕುಂಟತ್ತೆ, ಆದ್ರೆ ಕಚ್ಚಲ್ಲ."

"ಕೂತ್ಕೋಬಹುದಾ?"

"ಇದೇನು ಚರ್ಚಾ? ಕೂತ್ಕೊಳ್ಳಿ."

ಕೋರಾ ಕುರ್ಚಿಯ ತುದಿಯಲ್ಲಿ ಕುಳಿತಳು. ನಗು ಬಂತೇನೋ, ತುಟಿಯವರೆಗೆ ಬಂದು ವಾಪಸಾಯಿತು. "ಯಾವ ಶಾಲೆ ನಿಂದು?" ಅಂದಳು. ಮಾರ್ನಿ ಹೇಳಿದಳು. "ಎಷ್ಟೊತ್ತಿಗೆ ಬಿಡ್ತಾರೆ? ಮನೆಗೆ ಒಬ್ಳೇ ಬರ್ತೀಯಾ? ಅಮ್ಮ ಎಷ್ಟೊತ್ತಿಗೆ ಬರ್ತಾಳೆ?"

ಸಿಂಕಿನ ಬಳಿ ಲೋಟ ತೊಳೆಯುತ್ತಿದ್ದ ರೊವೀನಾಳ ಕೈ ನಿಂತಿತು. ಮಗಳು ಅಮಾಯಕಳಂತೆ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ಮೂರೂವರೆಗೆ ಬಿಡ್ತಾರೆ, ನಡ್ಕೊಂಡು ಬರ್ತೀನಿ, ಅಮ್ಮ ಬರೋದು ಆರೂವರೆ.

"ಮಾರ್ನಿ, ಸಾಕು. ಹೋಗಿ ಟವೆಲ್ ತೆಗೆದಿಡು. ಕೋರಾ, ಸ್ನಾನ ಮಾಡ್ಕೋ."

ಬಳಗದಲ್ಲಿ ಅಕ್ಕತಂಗಿಯರಿಬ್ಬರೂ ಬೆಳೆದದ್ದು ಕಡಲ ದಂಡೆಯ ಹಳೆಯ ಹೋಟೆಲಿನಲ್ಲಿ. ಅಲ್ಲಿ ಅನ್ನಕ್ಕಿಂತ ಮುಖ್ಯವಾದದ್ದು ಚೀಟಿ. ಯಾರು ಏನು ತಪ್ಪು ಮಾಡಿದರೂ, ತಪ್ಪು ಯೋಚಿಸಿದರೂ ಚೀಟಿ ಬರೆಯಬೇಕು, ಅದು ತನ್ನದೇ ತಪ್ಪಾಗಿರಲಿ, ಹಾಸಿಗೆಯ ಪಕ್ಕದವಳದ್ದಾಗಿರಲಿ. ಮೇಲೆ ಯಾರಿಗೆ ಎಂದು ಅಧಿಕಾರಿಯ ಹೆಸರು, ಆಮೇಲೆ ಯಾವಾಗ, ಎಲ್ಲಿ, ಯಾರು, ಏನು, ಕೊನೆಗೆ ಸಹಿ. ಶುರು ಮಾಡಿದ ಜಾಗದಲ್ಲೇ ಮುಗಿಸಬೇಕು. ಸಹಿ ಬೀಳದ ಚೀಟಿ ಎಂದರೆ ಬಚ್ಚಿಟ್ಟ ಪಾಪ. ಅದು ಮುಗಿಯುವ ತನಕ ಊಟವಿಲ್ಲ, ನಿದ್ದೆಯಿಲ್ಲ, ಗಾಡಿ ಹತ್ತುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ. ಹತ್ತನೆಯ ವಯಸ್ಸಿನಲ್ಲಿ ರೊವೀನಾ ತನ್ನ ಹೆತ್ತಮ್ಮನ ಮೇಲೆ ಬರೆದಿದ್ದಳು: ರಾತ್ರಿ ಬಚ್ಚಲಲ್ಲಿ ಅತ್ತಳು, ತವರು ಒಹಾಯೋಗೆ ಹೋಗಬೇಕು ಅಂದಳು. ಅಮ್ಮನನ್ನು ಒಂದು ವರ್ಷ ಬೇರೆ ಊರಿನ ಬಟ್ಟೆ ಒಗೆಯುವ ಮನೆಗೆ ಹಾಕಿದರು. ರೊವೀನಾಗೆ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಎಷ್ಟು ಹಿತವಾಗಿತ್ತು ಎಂಬುದನ್ನು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ.

ಹಾಗೆ ನೋಡಿದರೆ ಕೋರಾ ಬರೆದದ್ದರಲ್ಲಿ ಹೊಸದೇನೂ ಇರಲಿಲ್ಲ. ಹತ್ತು ವರ್ಷದ ಹಿಂದೆ, ಹಾಸಿಗೆ ಹೊದಿಕೆಗಳನ್ನು ಆ ತುದಿ ಅವಳು, ಈ ತುದಿ ಇವಳು ಹಿಡಿದು ಮಡಿಸುತ್ತಿದ್ದಾಗ ರೊವೀನಾ ಪಿಸುಗುಟ್ಟಿದ್ದಳು. "ಮಗೂನ ಕರ್ಕೊಂಡು ಹೊರಟುಬಿಡ್ತೀನಿ ಕೋರಾ. ಬರ್ತೀಯಾ?" ಕೋರಾ ಹೊದಿಕೆಯ ಅಂಚು ಸರಿಮಾಡಿದಳು. ಮರುದಿನ ಕಚೇರಿಯ ಮೇಜಿನ ಮೇಲೆ ಚೀಟಿಯಿತ್ತು. ದುಂಡನೆಯ ಅಕ್ಷರ. ಮೂರು ವರ್ಷದ ಮಾರ್ನಿಯನ್ನು ಎಂಟು ತಿಂಗಳು ಬೇರೆ ಮಹಡಿಯಲ್ಲಿ ಮಲಗಿಸಿದರು. ಎರಡನೆಯ ಸಲ ಹೊರಟಾಗ ರೊವೀನಾ ಯಾರಿಗೂ ಹೇಳಲಿಲ್ಲ.

ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಮಾರ್ನಿ ಅಡುಗೆಮನೆಗೆ ಬಂದಳು.

"ಪಾಪ ಅಮ್ಮ ಅವ್ರು. ಟವೆಲ್ ಕೊಟ್ರೆ 'ಎಷ್ಟು ಹೊತ್ತು ಇಟ್ಕೋಬಹುದು' ಅಂತಾರೆ. ನನ್ನ ಹತ್ರ ಹಾಳೆ, ಪೆನ್ಸಿಲ್ ಇಸ್ಕೊಂಡು ನನ್ನ ಮೇಜಿನ ಮೇಲೆ ಏನೋ ಬರೀತಿದ್ರು."

"ಏನು ಬರೀತಿದ್ಲು?"

"ನಾನೇನ್ ಇಣುಕಿ ನೋಡ್ಲಾ?"

ರೊವೀನಾ ಮಗಳನ್ನು ಪಕ್ಕಕ್ಕೆ ಸರಿಸಿ ಅವಳ ಕೋಣೆಗೆ ಹೋದಳು. ಎಲ್ಲಿ ಹುಡುಕಬೇಕೆಂದು ಕೈಗೇ ಗೊತ್ತಿತ್ತು. ಕೋರಾ ಅಲ್ಲಿ ಬಿಟ್ಟಿದ್ದ ಎಡಗಾಲಿನ ಶೂ, ಒಳಗಿನ ಮೆತ್ತೆಯ ಕೆಳಗೆ. ನಾಲ್ಕು ಮಡಿಕೆ ಮಾಡಿದ ಹಾಳೆ. ದುಂಡನೆಯ ಅಕ್ಷರ.

ಮಧ್ಯಾಹ್ನ 1:50. ರೊ. ಮನೆ, ಹಳದಿ, ಜಾಲರಿ ಬಾಗಿಲು. ರೊ. ಹತ್ತು ನಿಮಿಷ ತೆಗೆಯಲಿಲ್ಲ. ಹುಡುಗಿ 13 ವರ್ಷ. ಶಾಲೆ ಬಿಡುವುದು 3:30. ಮನೆಯಲ್ಲಿ ಒಬ್ಬಳೇ, ಮೂರು ಗಂಟೆ.

ಅಲ್ಲಿಂದ ಮುಂದಕ್ಕೆ ಅವಳು ಓದಲಿಲ್ಲ. ಓದುವುದು ಇನ್ನೇನಿತ್ತು?

ಒದ್ದೆ ತಲೆಯಲ್ಲಿ ಹೊರಬಂದ ಕೋರಾಳ ಮುಖದ ಮುಂದೆ ಹಾಳೆ ಹಿಡಿದಳು. "ಇದೇನು?"

ಕೋರಾ ಹಾಳೆ ನೋಡಿದಳು. ಅಕ್ಕನನ್ನು ನೋಡಿದಳು.

"ಮನೆ ಬಾಗ್ಲಿಗೆ ಬಂದು, ನನ್ನ ಮಗಳ ಕೈಯಲ್ಲಿ ತಿಂದು, ಅವಳದೇ ಹಾಳೆ ಮೇಲೆ ಬರ್ದಿದೀಯಲ್ಲೇ! ಅವತ್ತು ಒಂದ್ಸಲ ಕಿತ್ಕೊಂಡಿದ್ದು ಸಾಲ್ದಾ? ಹೇಳು, ಯಾರ್ ಕಳ್ಸಿದ್ದು? ಅವನಾ? ವಕೀಲನಾ?"

ಮಾತಿಲ್ಲ. ಆರೋಪ ಹೊತ್ತವರು ಬಾಯಿ ಬಿಡಬಾರದು ಎನ್ನುವುದೂ ಅಲ್ಲಿಯ ಕಟ್ಟಳೆಯೇ. ಸಿಟ್ಟಿನ ಭರದಲ್ಲಿ ರೊವೀನಾಗೆ ಅದು ನೆನಪಾಗಲಿಲ್ಲ. ಮೌನವನ್ನು ತಪ್ಪೊಪ್ಪಿಗೆ ಎಂದೇ ತಿಳಿದಳು.

"ಹೊರಡು. ಈಗ್ಲೇ."

ಕೋರಾ ಶೂ ಮೆಟ್ಟಿಕೊಂಡಳು. ಪ್ಲಾಸ್ಟಿಕ್ ಚೀಲ ಎತ್ತಿಕೊಂಡಳು. ಟವೆಲನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಕುರ್ಚಿಯ ಮೇಲಿಟ್ಟಳು. ಜಾಲರಿ ಬಾಗಿಲು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

ರೊವೀನಾ ಹಾಳೆಯನ್ನು ಅಡುಗೆಮನೆಯ ನೆಲಕ್ಕೆಸೆದು ಚಿಲಕ ಹಾಕಿಕೊಂಡಳು. ಮಾರ್ನಿ ಅದನ್ನೆತ್ತಿಕೊಂಡು ಮೊದಲಿನಿಂದ ಓದಿದಳು, ಆ ವಯಸ್ಸಿನವರು ಓದುವಂತೆ, ಒಂದಕ್ಷರ ಬಿಡದೆ.

"ಅಮ್ಮ, ಇದು ಯಾರಿಗೆ ಬರ್ದಿರೋದು?"

"ಇನ್ಯಾರಿಗೆ? ಅವ್ರಿಗೆ."

"ಇಲ್ಲಿ 'ಯಾರಿಗೆ' ಅಂತ ಬರ್ದು ಮುಂದೆ ಖಾಲಿ ಬಿಟ್ಟಿದಾರೆ."

ರೊವೀನಾ ಹಾಳೆ ಕಸಿದುಕೊಂಡಳು. ಹೌದು. ಮೇಲಿನ ಸಾಲು ಖಾಲಿ. ಅಧಿಕಾರಿಯ ಹೆಸರಿಲ್ಲದ ಚೀಟಿಯನ್ನು ಬಳಗದಲ್ಲಿ ಯಾರೂ ಬರೆಯುವುದಿಲ್ಲ. ಹೆಸರು ಬರೆದ ಮೇಲೇ ಮಿಕ್ಕಿದ್ದು.

"ಹಿಂದ್ಗಡೆ ಓದು," ಅಂದಳು ಮಾರ್ನಿ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

2:10. ಹುಡುಗಿ ಕುರ್ಚಿ ಕೊಟ್ಟಳು. ಕೂತೆ. 2:15. ಹುಡುಗಿ ಮನೆಯಲ್ಲಿ ಮೂರು ಗಂಟೆ ಒಬ್ಬಳೇ ಇರುತ್ತಾಳೆ. ನಾನು ಇಲ್ಲಿದ್ದರೆ ಒಬ್ಬಳೇ ಇರಬೇಕಾಗಿಲ್ಲ ಎಂದು ಯೋಚಿಸಿದೆ. ಇದು ನನ್ನ ತಪ್ಪು. 2:20. ಇಲ್ಲೇ ಇರಬೇಕು ಎಂದು ಆಸೆಪಟ್ಟೆ. ಇದು ನನ್ನ ತಪ್ಪು. ಹತ್ತು ವರ್ಷದ ಹಿಂದೆ ಹೊದಿಕೆ ಮಡಿಸುವಾಗ

ಅಲ್ಲಿಗೆ ನಿಂತಿತ್ತು. ಸಹಿ ಇರಲಿಲ್ಲ.

"ನೀನೂ ಬರೀತಿದ್ದೆಯಲ್ಲ ಅಮ್ಮ," ಅಂದಳು ಮಾರ್ನಿ ಮೆಲ್ಲಗೆ. "ಬೀರು ಮೇಲಿನ ಬಿಸ್ಕತ್ ಡಬ್ಬ. ನಾನು ಹೋದ ವರ್ಷವೇ ನೋಡ್ದೆ. ನಿಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

ರೊವೀನಾ ಕಿವಿಯವರೆಗೂ ಕೆಂಪಾದಳು. ಹೊರಬಂದ ಮೊದಲ ವರ್ಷ ಅವಳೂ ದಿನಕ್ಕೊಂದು ಚೀಟಿ ಬರೆದಿದ್ದಳು. ಇವತ್ತು ಅಂಗಡಿಯಲ್ಲಿ ಐಸ್‌ಕ್ರೀಮ್ ತಿಂದೆ. ಇವತ್ತು ಒಬ್ಬ ಹೊರಗಿನವನ ಜೋಕಿಗೆ ನಕ್ಕೆ. ಕೊಡಲು ಯಾರೂ ಇರಲಿಲ್ಲ. ಬರೆಯದೆ ಹೋದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಬರೆದು, ಸಹಿ ಹಾಕಿ, ಡಬ್ಬಕ್ಕೆ ತುಂಬಿ ಮಲಗುತ್ತಿದ್ದಳು. ಇಡೀ ಭೂಮಿಯ ಮೇಲೆ ಈ ಹಾಳೆಯನ್ನು ಸರಿಯಾಗಿ ಓದಬಲ್ಲವರು ಯಾರಾದರೂ ಇದ್ದರೆ ಅದು ಅವಳು. ಅವಳೇ ತಪ್ಪು ಓದಿದ್ದಳು.

"ಬಸ್ಸು ಎಷ್ಟೊತ್ತಿಗೆ?"

"ಭಾನುವಾರ ಗಂಟೆಗೊಂದು. ಮೂರೂ ಹತ್ತಕ್ಕೆ. ಈಗ ಮೂರೂ ಐದು."

"ನೀನು ಬಾಗ್ಲು ಹಾಕ್ಕೋ. ನಾನೇ ಕರೆಯೋ ತನಕ ತೆಗೀಬೇಡ."

ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು. ನಲವತ್ತನಾಲ್ಕು ವರ್ಷದ ಮೊಣಕಾಲುಗಳು ಕ್ಯಾನ್ವಾಸಿನ ಮೇಲೆ ಊರಿ ಊರಿ ಸವೆದಿದ್ದವು, ಆದರೂ ಓಡಿದಳು. ಎರಡು ಬೀದಿ. ಮುಚ್ಚಿದ ಲಾಂಡ್ರಿಯ ಮೂಲೆ ತಿರುಗಿದರೆ ನಿಲ್ದಾಣ.

ಬಸ್ಸು ಬಂದಿರಲಿಲ್ಲ. ವ್ಯಾನು ಬಂದಿತ್ತು.

ಬೂದು ಬಣ್ಣದ, ಹೆಸರಿಲ್ಲದ ವ್ಯಾನು. ಬರದೆ ಇರುತ್ತದೆಯೇ? ಓಡಿಹೋದವರು ಮೊದಲು ಹುಡುಕಿಕೊಂಡು ಹೋಗುವುದು ಒಡಹುಟ್ಟಿದವರ ಮನೆಯನ್ನು, ಅದು ಎಲ್ಲರಿಗಿಂತ ಚೆನ್ನಾಗಿ ಬಳಗಕ್ಕೇ ಗೊತ್ತು. ಪಕ್ಕದ ಬಾಗಿಲು ಸರಿದಿತ್ತು. ಕೋರಾಳ ಒಂದು ಕಾಲು ನೆಲದ ಮೇಲೆ, ಇನ್ನೊಂದು ವ್ಯಾನಿನ ಮೆಟ್ಟಿಲ ಮೇಲೆ. ಯಾರೂ ಅವಳನ್ನು ಎಳೆಯುತ್ತಿರಲಿಲ್ಲ. ಅದರ ಅಗತ್ಯ ಯಾವತ್ತೂ ಬೀಳುತ್ತಿರಲಿಲ್ಲ.

ಮುಂದಿನ ಸೀಟಿನಿಂದ ಮಿಸೆಸ್ ಪ್ರೂಯೆಟ್ ಇಳಿದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರು ಅಕ್ಕತಂಗಿಯರಿಗೂ ರೆಪ್ಪೆ ಬಡಿಯದೆ ಕೂರುವುದನ್ನು, ಚೀಟಿ ಬರೆಯುವುದನ್ನು ಕಲಿಸಿದವಳು ಇವಳೇ.

"ಅರೆ, ರೊವೀನಾ! ಇದೇನಮ್ಮ ಹೀಗೆ ಏದುಸಿರು? ನೀರು ಕುಡೀತೀಯಾ?" ನಗು ಬೆಣ್ಣೆಯಂತಿತ್ತು. "ಕೋರಾ ಸ್ವಲ್ಪ ದಣಿದಿದಾಳೆ. ಮನೆಗೆ ಕರ್ಕೊಂಡು ಹೋಗ್ತಿದೀವಿ, ಅಷ್ಟೆ."

ಬೇಡ ಕೋರಾ, ನನ್ನನ್ನು ಕ್ಷಮಿಸು, ಎಂದು ಕೂಗಬೇಕು ಅನ್ನಿಸಿತು. ಅಳಬೇಕು, ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಅಳುವವರ ಆಚೆಗೆ ನೋಡುವುದನ್ನು ಕೋರಾ ಏಳನೇ ವಯಸ್ಸಿನಿಂದ ಅಭ್ಯಾಸ ಮಾಡಿದ್ದಳು. ಈಗಲೂ ಹಾಗೇ ನೋಡುತ್ತಿದ್ದಳು, ಅಕ್ಕನ ಮುಖದೊಳಗಿಂದ ಹಾಯ್ದು ಹಿಂದಿನ ಲಾಂಡ್ರಿಯ ಗೋಡೆಯನ್ನು.

ರೊವೀನಾ ಉಸಿರು ಹಿಡಿದಳು. ಬೆನ್ನು ನೆಟ್ಟಗಾಯಿತು. ಎಂಟು ವರ್ಷದಿಂದ ಬಳಸದ ದನಿಯೊಂದು ಗಂಟಲಲ್ಲಿ ಇನ್ನೂ ಇತ್ತು, ಬಳಗದ ಏರಿಳಿತವಿಲ್ಲದ ದನಿ. ಅದನ್ನೇ ಹೊರತೆಗೆದಳು.

"ಕೋರಾ. ಸಹಿ ಇಲ್ಲ."

ಕೋರಾಳ ಕಣ್ಣು ಗೋಡೆಯಿಂದ ಹಾಳೆಗೆ ಬಂತು.

"ಚೀಟಿ ಅರ್ಧಕ್ಕೆ ನಿಂತಿದೆ. ಮುಗಿಯದ ಚೀಟಿ ಇಟ್ಕೊಂಡು ಗಾಡಿ ಹತ್ತೋ ಹಾಗಿಲ್ಲ."

ಮೆಟ್ಟಿಲ ಮೇಲಿದ್ದ ಕಾಲು ತಾನಾಗಿ ಕೆಳಗಿಳಿಯಿತು, ಬಿಸಿ ಕಾವಲಿ ಮುಟ್ಟಿದಂತೆ.

ಮಿಸೆಸ್ ಪ್ರೂಯೆಟ್ ಹಾಳೆಯ ಕಡೆ ನೋಡಿದಳು. ದೂರದಿಂದಲೇ ಅದರ ಆಕಾರ ಅವಳಿಗೆ ಗೊತ್ತಾಯಿತು. "ಪೆನ್ ನನ್ ಹತ್ರ ಇದೆ," ಅಂದಳು. "ಇಲ್ಲೇ ಮುಗಿಸ್ಲಿ."

"ಶುರು ಮಾಡಿದ ಜಾಗದಲ್ಲೇ ಮುಗಿಸ್ಬೇಕು," ಅಂದಳು ರೊವೀನಾ. "ನೀವೇ ಕಲ್ಸಿದ್ದು ಮೇಡಮ್. ನಂಗೆ ಆಗ ಎಂಟು ವರ್ಷ. ಊಟದ ಕೋಣೆಯಲ್ಲಿ ಶುರು ಮಾಡಿ ಮಹಡೀಲಿ ಮುಗ್ಸಿದೆ ಅಂತ ಇಡೀ ದಿನ ಮೆಟ್ಟಿಲ ಮೇಲೆ ನಿಲ್ಸಿದ್ರಿ."

ಡ್ರೈವರು ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುವುದನ್ನು ನಿಲ್ಲಿಸಿ ಮಿಸೆಸ್ ಪ್ರೂಯೆಟ್‌ಳನ್ನು ನೋಡಿದ. ಅವನೂ ಬಳಗದವನೇ. ಇವತ್ತು ಅಧಿಕಾರಿ ಕಟ್ಟಳೆ ಮುರಿದಳೆಂದರೆ ಇವತ್ತೇ ಅವಳ ಮೇಲೆ ಒಂದು ಚೀಟಿ ಬರೆಯಬೇಕಾದವನು. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತೆಂಬುದು ರೊವೀನಾಗೆ ಗೊತ್ತಿತ್ತು. ಬೀದಿಯಲ್ಲಿ ಹೋಗುವ ಹೊರಗಿನವರು ಯಾರಾದರೂ ಈ ಮಾತು ಕೇಳಿಸಿಕೊಂಡಿದ್ದರೆ, ದೊಡ್ಡವರು ಮಕ್ಕಳಾಟ ಆಡುತ್ತಿದ್ದಾರೆಂದು ನಕ್ಕು ಮುಂದೆ ಹೋಗುತ್ತಿದ್ದರು. ಇಲ್ಲಿ ನಾಲ್ವರಲ್ಲಿ ಒಬ್ಬರಿಗೂ ನಗು ಬರಲಿಲ್ಲ.

ಮೂರೂ ಹತ್ತರ ಬಸ್ಸು ಬಂತು, ಯಾರೂ ಹತ್ತದಿದ್ದುದನ್ನು ಕಂಡು ಹೋಯಿತು.

"ಹೋಗು," ಅಂದಳು ಮಿಸೆಸ್ ಪ್ರೂಯೆಟ್ ಕೊನೆಗೆ. "ಹೋಗಿ ಮುಗಿಸ್ಕೊಂಡು ಬಾ ಕೋರಾ. ನಾವು ಮನೆ ಮುಂದೆ ಕಾಯ್ತಿರ್ತೀವಿ."

ಇಬ್ಬರೂ ನಡೆದರು. ಹಿಂದೆ ವ್ಯಾನು ನಡಿಗೆಯ ವೇಗದಲ್ಲೇ ಉರುಳುತ್ತಿತ್ತು. ಇಂಜಿನ್ನಿನ ಬಿಸಿ ಹಿಮ್ಮಡಿಗೆ ತಾಗುತ್ತಿತ್ತು. ರೊವೀನಾ ತಂಗಿಯ ಕೈ ಹಿಡಿಯಲಿಲ್ಲ, ಹಿಡಿದರೆ ಈ ಹುರಿ ಎಲ್ಲಿ ತುಂಡಾಗುತ್ತದೋ ಎಂದು ಭಯ. ಮೆಟ್ಟಿಲ ಬಳಿ ಮಾರ್ನಿಯನ್ನು ಕರೆದಳು. ಚಿಲಕ ಸರಿಯಿತು, ಮತ್ತೆ ಬಿತ್ತು.

ಕೋರಾ ನೇರವಾಗಿ ಮಾರ್ನಿಯ ಮೇಜಿಗೆ ಹೋಗಿ ಕುಳಿತಳು. ಹಾಳೆಯ ಸುಕ್ಕನ್ನು ಅಂಗೈಯಿಂದ ತೀಡಿ ಸರಿಮಾಡಿದಳು. ಪೆನ್ಸಿಲ್ ತೆಗೆದುಕೊಂಡಳು. ರೊವೀನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸಹಿ ಹಾಕಲು ಎಷ್ಟು ಹೊತ್ತು? ಎರಡು ಕ್ಷಣ. ಸಹಿ ಬಿದ್ದರೆ ಚೀಟಿ ಮುಗಿಯಿತು, ಚೀಟಿ ಮುಗಿದರೆ ಕಾಲು ತಾನಾಗಿ ವ್ಯಾನಿನ ಕಡೆ ನಡೆಯುತ್ತದೆ. ಅವಳಲ್ಲಿ ಇನ್ನು ಯಾವ ಕಟ್ಟಳೆಯೂ ಉಳಿದಿರಲಿಲ್ಲ. ಇದ್ದರೂ ಆ ದನಿಯಲ್ಲಿ ಮತ್ತೊಮ್ಮೆ ಮಾತಾಡಲು ಅವಳಿಂದ ಆಗುತ್ತಿರಲಿಲ್ಲ.

"ಕೋರಾ," ಅಂದಳು, ತನ್ನದೇ ದನಿಯಲ್ಲಿ. "ನಾನು ಅರ್ಧ ಓದ್ದೆ. ಅರ್ಧ ಓದಿ ನಿನ್ನ ಹೊರಗೆ ಹಾಕ್ದೆ."

ಕೋರಾ ತಿರುಗಲಿಲ್ಲ. ಪೆನ್ಸಿಲಿನ ತುದಿ ಹಾಳೆಯ ಮೇಲಿನ ಖಾಲಿ ಸಾಲಿನ ಹತ್ತಿರ ಹೋಯಿತು, ಅಲ್ಲಿಂದ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಯಾರಿಗೆ ಅಂತ ಬರೀಲಿ?" ಅಂದಳು.

ರೊವೀನಾ ಬೀರುವಿನ ಮೇಲಿನ ಡಬ್ಬ ಇಳಿಸಿ ತಂದು ಮೇಜಿನ ಮೇಲಿಟ್ಟಳು, ಮುಚ್ಚಳ ತೆಗೆದಳು. ಹಳದಿಯಾದ ಹಾಳೆಗಳು ಬಿಗಿಯಾಗಿ ತುಂಬಿದ್ದವು. ಕೋರಾ ಒಂದನ್ನು ತೆಗೆದು ಮೇಲಿನ ಸಾಲು ನೋಡಿದಳು. ಖಾಲಿ. ಇನ್ನೊಂದು. ಅದೂ ಖಾಲಿ. ಹತ್ತು ಹನ್ನೆರಡು ಹಾಳೆ ಹಾಗೇ ನೋಡುತ್ತ ಹೋದಳು. ಒಂದರ ಬಳಿ ನಿಂತಳು.

"ಐಸ್‌ಕ್ರೀಮ್ ತಿಂದಿದ್ದಕ್ಕೂ ಬರ್ದಿದೀಯಾ?"

"ಎರಡು ಸಲ ತಿಂದೆ ಅವತ್ತು. ಒಂದೇ ಅಂತ ಸುಳ್ಳು ಬರ್ದಿದೀನಿ."

ಕೋರಾ ಒಮ್ಮೆ ರೆಪ್ಪೆ ಬಡಿದಳು. ಮತ್ತೊಮ್ಮೆ ಬಡಿದಳು, ಕಣ್ಣಿಗೆ ಧೂಳು ಬಿದ್ದವಳಂತೆ.

ಹೊರಗೆ ವ್ಯಾನಿನ ಹಾರ್ನ್ ಒಂದು ಸಲ, ಚುಟುಕಾಗಿ, ಕೇಳಿಸಿತು. ಮೂವರೂ ಬೆಚ್ಚಿದರು. ಕೋರಾ ಎದ್ದಳು. ಕೋರಾ ಕಿಟಕಿಯವರೆಗೆ ಹೋಗಿ ಪರದೆ ಸರಿಸಿದಳು. ಬೀದಿಯಲ್ಲಿ ನಿಂತ ಮಿಸೆಸ್ ಪ್ರೂಯೆಟ್ ತಲೆಯೆತ್ತಿದಳು.

"ಮುಗಿದಿಲ್ಲ!" ಎಂದು ಕೋರಾ ಕೂಗಿದಳು. ಪರದೆ ಎಳೆದಳು. ವಾಪಸು ಬಂದು ಕುಳಿತು, ಅರ್ಧಕ್ಕೆ ನಿಂತ ಸಾಲಿನ ಮುಂದೆ ಪೆನ್ಸಿಲ್ ಊರಿದಳು. ಹತ್ತು ವರ್ಷದ ಹಿಂದೆ ಹೊದಿಕೆ ಮಡಿಸುವಾಗ.

"ಮಾರ್ನಿ," ಅಂದಳು, ತಲೆಯೆತ್ತದೆ. "ಇನ್ನಷ್ಟು ಹಾಳೆ ಕೊಡ್ತೀಯಾ? ಇದು ಇವತ್ತಿಗೆ ಮುಗಿಯೋ ಹಾಗೆ ಕಾಣಲ್ಲ."

ಮಾರ್ನಿ ಪುಸ್ತಕದ ನಡುವಿನಿಂದ ಒಂದು ಹಿಡಿ ಹಾಳೆ ಪರ್ರನೆ ಹರಿದು ಮುಂದಿಟ್ಟಳು.